ಬಟನ್ ಅಜ್ಜಿಯ ಕೈಗೆ ಕತ್ತರಿ

"ನಾಲ್ಕನೇ ಕ್ಲಾಸು ಓದಿದ ಕೈ ಅಂತ ಯಾರೂ ನಗಬೇಡಿ. ಬೀದಿಗೆ ಬೀದೀನೇ ಮೂಗಿನ ಮೇಲೆ ಬೆರಳಿಡಬೇಕು, ಹಾಗೆ ಬರೀತೀನಿ ನೋಡ್ತಿರಿ!"

ಬಟನ್ ಅಜ್ಜಿಯ ಈ ಶಪಥಕ್ಕೆ ಕಾರಣವಿತ್ತು. ಬೀದಿಯ ಸಂಘದವರು ತಿಂಗಳಿಗೊಂದು ಹಾಳೆ ಅಚ್ಚು ಹಾಕಿಸಿ ಮನೆಮನೆಗೆ ಹಂಚುತ್ತಿದ್ದರು. ಈ ಸಲ ಅದರಲ್ಲಿ, ಮಾರಾಟದ ಜಾಹೀರಾತುಗಳ ಪಕ್ಕದಲ್ಲೇ, ಅಗಲಿದವರ ನೆನಪಿಗೆ ಜಾಗ. ಒಬ್ಬೊಬ್ಬರಿಗೆ ನೂರೇ ಪದ. ಅಜ್ಜಿಯ ಗಂಡ ಟೈಲರು; ತೀರಿಕೊಂಡು ಮೂರು ವರ್ಷ. ನಲವತ್ತೆರಡು ವರ್ಷ ಅವರ ಪಕ್ಕದ ಸ್ಟೂಲಿನಲ್ಲಿ ಕೂತು ಬಟನ್ ಹೊಲಿದವಳು ಈಕೆ. ಆದರೆ ಕತ್ತರಿ? ಮುಟ್ಟುವ ಹಾಗೇ ಇರಲಿಲ್ಲ! "ನಿನ್ನ ಕೈಗೆ ಕತ್ತರಿ ಕೊಟ್ರೆ ಕೋಟು ಹೋಗಿ ಕರ್ಚೀಫು ಆಗುತ್ತೆ ಕಣೇ" ಎನ್ನುತ್ತಿದ್ದರು. ಆ ಮಾತಿಗೆ ಅಜ್ಜಿಗೆ ಅಂದೂ ಮುನಿಸು, ಇಂದೂ ಮುನಿಸು. ತೋರಿಸೋಣವೆಂದರೆ ಈಗ ಆಳಿಲ್ಲ, ಅಷ್ಟೇ.

ನಾಲ್ಕು ದಿನ ಕೂತು ಹನ್ನೆರಡು ಪುಟ ಗೀಚಿದಳು. ಮೊಮ್ಮಗಳು ಅದನ್ನು ಟೈಪು ಮಾಡಿ, ಪದ ಎಣಿಸಿಕೊಡುವ ವೆಬ್‌ಸೈಟಿಗೆ ಹಾಕಿದಳು.

"ಅಜ್ಜೀ, ಸಾವಿರದ ಇನ್ನೂರ ಹದಿನಾಲ್ಕು ಪದ!"

"ಅಷ್ಟೇನಾ?"

"ನೂರಕ್ಕೆ ಇಳಿಸ್ಬೇಕು. ಇದು ಬರವಣಿಗೆನೂ ತಿದ್ದುತ್ತೆ ನೋಡು. ಒಂದೇ ಪದ ಜಾಸ್ತಿ ಬಂದಿದೆಯಂತೆ. 'ಇವರು', ತೊಂಬತ್ತಾರು ಸಲ!"

"ಮನೇಲಿ ಇದ್ದದ್ದೇ ಇವರೊಬ್ಬರು. ಬೇರೆ ಯಾರನ್ನ ತರಲಿ?"

ಹೀಗೆ ಜೀವಮಾನದಲ್ಲಿ ಮೊದಲ ಬಾರಿಗೆ ಅಜ್ಜಿಯ ಕೈಗೆ ಕತ್ತರಿ ಬಂತು, ಕಂಪ್ಯೂಟರಿನ ಅಳಿಸುವ ಕೀಲಿಯ ರೂಪದಲ್ಲಿ. ಬಂದಮೇಲೆ ಬಿಟ್ಟಾಳೆಯೇ! ಮಷೀನು ತುಳಿಯುತ್ತಾ ಇವರು ಹಾಕುತ್ತಿದ್ದ ಶಿಳ್ಳೆ ಹೋಯಿತು. ತಮ್ಮ ಮದುವೆಗೆ ತಾವೇ ಹೊಲಿದುಕೊಂಡ ಕೋಟಿನ ಒಂದು ತೋಳು ಗಿಡ್ಡವಾಗಿ, ದಿನವಿಡೀ ಆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಂತದ್ದು ಹೋಯಿತು. ಮುನಿದ ಹೆಂಡತಿಯ ಬಟನ್ ಡಬ್ಬಿಯೊಳಗೆ ಸದ್ದಿಲ್ಲದೆ ಪೆಪ್ಪರ್‌ಮೆಂಟು ಹಾಕಿಡುತ್ತಿದ್ದದ್ದೂ ಹೋಯಿತು. ಪರದೆಯ ಮೇಲೆ ಸಂಖ್ಯೆ ಸರಸರ ಇಳಿದಂತೆ ಅಜ್ಜಿಗೆ ಆಟದ ಹುರುಪು!

ಕೊನೆಗೆ ಉಳಿದದ್ದು ಆಸ್ಪತ್ರೆಯ ಮಾತು. ಕಣ್ಣು ಮುಚ್ಚಿ ಮಲಗಿದ್ದವರು ಹೊದಿಕೆಯ ಅಂಚು ಸವರಿ, "ಹೊಲಿಗೆ ಸಡಿಲ, ನಾಳೆ ಹಾಕ್ಕೊಡ್ತೀನಿ" ಅಂದಿದ್ದರು. ಅಜ್ಜಿಯ ಬೆರಳು ಅಲ್ಲಿ ನಿಂತಿತು. ಲೆಕ್ಕ ಇನ್ನೂ ನೂರಾ ಹದಿನಾಲ್ಕು. ಒತ್ತಿಯೇಬಿಟ್ಟಳು. ಆಮೇಲೆ ಅಲ್ಲಲ್ಲಿ ಉಳಿದಿದ್ದ 'ಇವರು'ಗಳನ್ನೂ ಹೆಕ್ಕಿ ತೆಗೆದಳು. ನೂರಕ್ಕೆ ನೂರು!

"ಒಂದ್ಸಲ ಓದ್ಲಾ ಅಜ್ಜಿ?"

"ಎಣಿಸಿದ್ದು ಕಂಪ್ಯೂಟರು, ತಪ್ಪುತ್ತೇನೇ? ಕಳಿಸು!"

ಭಾನುವಾರ ಬೆಳಿಗ್ಗೆ ಹಾಳೆ ಹಂಚಿದರು. ಒಂಬತ್ತಕ್ಕೆಲ್ಲ ಕರೆಗಂಟೆ. ಬಾಗಿಲಲ್ಲಿ ಸೋಫಾ ರಿಪೇರಿಯವನು.

"ಅಜ್ಜೀ, ಮಷೀನು ನೋಡ್ಬಹುದಾ?"

"ಯಾವ ಮಷೀನಪ್ಪಾ?"

ಅವನು ಹಾಳೆ ಬಿಡಿಸಿ ಓದಿದ. "'ಕಾಲಲ್ಲಿ ತುಳಿಯುವ ಹೊಲಿಗೆ ಮಷೀನು. ನಲವತ್ತೆರಡು ವರ್ಷ ಒಂದೇ ಕೈಯಲ್ಲಿ ಓಡಿದೆ. ಒಂದು ದಿನವೂ ಕೆಟ್ಟಿಲ್ಲ. ಮೂರು ವರ್ಷದಿಂದ ಕಿಟಕಿ ಪಕ್ಕ ಸುಮ್ಮನೆ ನಿಂತಿದೆ...' ರೇಟು ಮಾತ್ರ ಹಾಕಿಲ್ಲ ನೀವು."

ಅವನ ಹಿಂದೆ ಹೊಲಿಗೆ ಕಲಿಸುವ ಟೀಚರು. ಬಾಗಿಲಲ್ಲಿ ಮಷೀನು ಹಿಡಿಸುತ್ತದೋ ಇಲ್ಲವೋ ಎಂದು ಆಗಲೇ ಟೇಪು ಹಿಡಿದು ಅಳೆಯುತ್ತಿದ್ದರು! ಅವರ ಹಿಂದೆ ಇಸ್ತ್ರಿ ಅಂಗಡಿಯಾಕೆ.

"ಜೊತೆಗೆ ಆ ಸ್ಟೂಲೂ ಕೊಡ್ತೀರಾ ಅಜ್ಜಿ?"

"ಅದು ನಾನು ಕೂರೋ ಸ್ಟೂಲು ಕಣಮ್ಮಾ! ಇದು ಮಷೀನಿನ ವಿಷ್ಯ ಅಲ್ಲ, ನಮ್ಮ ಯಜಮಾನರ ವಿಷ್ಯ!"

"ಯಜಮಾನ್ರಾ?" ಸೋಫಾದವನು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ಹುಡುಕಿದ. "ಇದ್ರಲ್ಲಿ ಎಲ್ಲೂ ಇಲ್ವಲ್ಲಾ?"

ಅಜ್ಜಿ ಹಾಳೆ ಕಿತ್ತುಕೊಂಡು ಓದಿದಳು. ಮತ್ತೊಮ್ಮೆ ಓದಿದಳು. ನಿಜಕ್ಕೂ ಇರಲಿಲ್ಲ.

"ಎಲ್ಲರೂ ಕೂತ್ಕೊಳ್ಳಿ," ಅಂದಳು.

ಕೂರಿಸಿ ಎಲ್ಲವನ್ನೂ ಹೇಳಿದಳು. ಗಿಡ್ಡ ತೋಳಿಗೆ ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಶಿಳ್ಳೆ ಹೇಗಿತ್ತೆಂದು ತೋರಿಸಲು ತುಟಿ ಚೂಪು ಮಾಡಿದಳು. ಬರೀ ಗಾಳಿ ಬಂತು. ಹೊದಿಕೆಯ ಅಂಚಿಗೆ ಬಂದಾಗ ಟೀಚರು ಟೇಪನ್ನು ಮೆಲ್ಲಗೆ ಸುತ್ತಿ ಚೀಲಕ್ಕೆ ಹಾಕಿದರು. ಮಧ್ಯಾಹ್ನವಾದರೂ ಯಾರೂ ರೇಟು ಕೇಳಲಿಲ್ಲ.

ಹೊರಡುವಾಗ ಸೋಫಾದವನು ಮೂಗು ಒರೆಸಿಕೊಂಡ. "ಇಷ್ಟೆಲ್ಲಾ ಇಟ್ಕೊಂಡು ಇದನ್ನ್ಯಾಕೆ ಬರೀಲಿಲ್ಲ ಅಜ್ಜಿ ನೀವು?"

ಮೊಮ್ಮಗಳು ಬಾಯಿಗೆ ಕೈ ಅಡ್ಡ ಹಿಡಿದು ಒಳಗೆ ಓಡಿದಳು.

ಮನೆ ಖಾಲಿಯಾದ ಮೇಲೆ ಅಜ್ಜಿ ತನ್ನ ಸ್ಟೂಲಿನಲ್ಲಿ ಕೂತಳು. ಕತ್ತರಿ ಇವರು ತೂಗುಹಾಕಿದ ಮೊಳೆಯಲ್ಲೇ ಇತ್ತು. ಸೆರಗಿನ ತುದಿಯಿಂದ, ಕೈ ತಾಗದ ಹಾಗೆ, ಅದರ ಧೂಳು ಒರೆಸಿದಳು.

"ಸರಿ ಕಣ್ರೀ, ನೀವೇ ಗೆದ್ರಿ," ಅಂದಳು. "ಕೊಡದೇ ಇದ್ದದ್ದೇ ಒಳ್ಳೇದಾಯ್ತು. ಕೋಟು ಕರ್ಚೀಫಾಗೋದಿರಲಿ, ನಿಮ್ಮನ್ನೇ ಕತ್ತರಿಸಿ ಎಸೆದುಬಿಟ್ಟಿದ್ದೆ!"