ಮೂಗು ಕಳೆದುಕೊಂಡ ಕಾರು

ತೊಂದರೆಗೆಲ್ಲ ಕಾರಣ ಒಂದು ಮೂಗು. ಅದೂ ಮನುಷ್ಯರದ್ದಲ್ಲ, ಕಾರಿನದು. ಆ ಕಾರೂ ನಿಜವಾದದ್ದಲ್ಲ, ಮಣ್ಣಿನದು.

ಕಾರು ಕಾರ್ಖಾನೆಗಳಲ್ಲಿ ಹೊಸ ಕಾರು ತಗಡಿನಲ್ಲಿ ಹುಟ್ಟುವ ಮೊದಲು ಮಣ್ಣಿನಲ್ಲಿ ಹುಟ್ಟುತ್ತದೆ. ಹಾಗೆ ಹುಟ್ಟಿಸುವ ಕೆಲಸ ಮಾಡುತ್ತಿದ್ದುದರಿಂದ ನಮ್ಮ ಕಥಾನಾಯಕನನ್ನು ಎಲ್ಲರೂ ಮಣ್ಣಪ್ಪ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಗುರುತಿನ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಹನ್ನೊಂದು ವರ್ಷ ಬಾಗಿಲಿನ ಹಿಡಿಕೆಗಳನ್ನೇ ತಿದ್ದಿ ತೀಡಿದ ಮೇಲೆ ಮೊದಲ ಸಲ ಅವನ ಕೈಗೆ ಇಡೀ ಕಾರು ಸಿಕ್ಕಿತ್ತು. ಎಂಟು ತಿಂಗಳು ಊಟ ನಿದ್ದೆ ಬಿಟ್ಟು ಅದಕ್ಕೊಂದು ಮೂಗು ಮಾಡಿದ್ದ. ಉದ್ದನೆಯ, ತೆಳ್ಳನೆಯ, ಚೂಪು ಮೂಗು. ಒಂದು ತಿಂಗಳ ಪ್ರವಾಸ ಮುಗಿಸಿದ ಯಜಮಾನರು ಇವತ್ತು ಸಂಜೆ ನಾಲ್ಕಕ್ಕೆ ಅದನ್ನು ನೋಡಲು ಬರುವವರಿದ್ದರು. ಒಪ್ಪಿದರೆ ಮಣ್ಣಪ್ಪನಿಗೆ ಮುಖ್ಯಸ್ಥನ ಪಟ್ಟ, ಬಾಗಿಲಿರುವ ಸ್ವಂತ ಕೋಣೆ. ಒಪ್ಪದಿದ್ದರೆ ಮತ್ತೆ ಹಿಡಿಕೆ ವಿಭಾಗ.

ಬೆಳಿಗ್ಗೆ ಒಂಬತ್ತಕ್ಕೆ ನಿಯಮ ಪಾಲನೆಯ ಅಧಿಕಾರಿ ಬಂದ. ಅಳತೆಪಟ್ಟಿ ಇಲ್ಲದೆ ಅವನು ಊಟಕ್ಕೂ ಕೂರುವವನಲ್ಲ. ಬೆನ್ನ ಹಿಂದೆ ಎಲ್ಲರೂ ಅವನನ್ನು ರೂಲುದೊಣ್ಣೆ ಎನ್ನುತ್ತಿದ್ದರು.

“ಮೂಗು ತುಂಬಾ ಚೆನ್ನಾಗಿದೆ,” ಎಂದ ರೂಲುದೊಣ್ಣೆ. ಮಣ್ಣಪ್ಪ ಹಿಗ್ಗಿದ. “ತೆಗೀರಿ.”

“ತೆಗೀಬೇಕಾ? ಯಾಕ್ರೀ?”

“ಪಾದಚಾರಿಗಳ ಸುರಕ್ಷತೆ. ಹೊಸ ನಿಯಮ. ಇದು ಯಾರಿಗಾದ್ರೂ ತಾಗಿದ್ರೆ ಅವರ ಗತಿ ಏನು? ನೀವು ಮಾಡ್ತಿರೋದು ಕಾರೋ, ಕೊಡಲಿಯೋ?”

“ತಾಗದ ಹಾಗೆ ಓಡಿಸಿದ್ರಾಯ್ತಲ್ಲ!”

“ಓಡಿಸೋರ ಮೇಲೆ ಅಷ್ಟು ನಂಬಿಕೆ ಇದ್ದಿದ್ರೆ ನನಗ್ಯಾಕೆ ಈ ಕೆಲಸ ಕೊಡ್ತಿದ್ರು?”

ಮಣ್ಣಪ್ಪ ಕಾದ ತಂತಿ ತಂದು ಮೂಗನ್ನು ಕೊಯ್ದ. ಎಂಟು ತಿಂಗಳ ಕೆಲಸ ಎರಡೇ ನಿಮಿಷದಲ್ಲಿ ಬಕೆಟ್ಟಿಗೆ ಬಿತ್ತು. ಉಳಿದ ಮೋಟಿಗೆ ಬಿಸಿಗಾಳಿ ಹಿಡಿದು ಅಂಗೈಯಲ್ಲಿ ಒತ್ತಿ ಚಪ್ಪಟೆ ಮಾಡಿದ.

ಹತ್ತು ಗಂಟೆಗೆ ಎಂಜಿನ್ ಮೇಷ್ಟ್ರು ಬಂದರು. ಎಂಜಿನ್ ವಿಭಾಗದ ಹಿರಿಯರು, ಪಾಠ ಹೇಳುವುದು ಅವರ ಚಾಳಿ.

“ನೋಡಪ್ಪಾ, ಕಾರು ಹೊಡೆದ್ರೆ ಮನುಷ್ಯ ಬಾನೆಟ್ ಮೇಲೆ ಬೀಳ್ತಾನೆ. ತಲೆ ಬಡಿದಾಗ ಬಾನೆಟ್ ತಗ್ಗಬೇಕು. ಆದ್ರೆ ಕೆಳಗೆ ನನ್ನ ಎಂಜಿನ್ ಇದೆ, ಅದು ಯಾರಿಗೂ ತಗ್ಗಲ್ಲ. ನಡುವೆ ನಾಲ್ಕು ಬೆರಳು ಜಾಗ ಬಿಡು.”

“ಎಂಜಿನ್ನನ್ನೇ ನಾಲ್ಕು ಬೆರಳು ಕೆಳಗಿಳಿಸಿ, ಮೇಷ್ಟ್ರೇ.”

“ಇಳಿಸಿದ್ರೆ ರಸ್ತೆ ಉಳ್ತಾ ಹೋಗುತ್ತೆ.”

ನಾಲ್ಕು ಬೆರಳು ಎಂದರೆ ಮಣ್ಣಪ್ಪನ ಬೆರಳಲ್ಲ, ಮೇಷ್ಟ್ರ ಬೆರಳು. ಒಂದೊಂದೂ ಬಾಳೆಹಣ್ಣಿನ ಗಾತ್ರದ್ದು. ಒಲೆಯಲ್ಲಿ ಕಾದಿದ್ದ ಮಣ್ಣೆಲ್ಲ ಬಳಿದ ಮೇಲೆ ಬಾನೆಟ್ಟು ದೊಡ್ಡ ಹಣೆಯಂತೆ ಉಬ್ಬಿ ನಿಂತಿತು.

ಹನ್ನೊಂದೂವರೆಗೆ ರೂಲುದೊಣ್ಣೆ ಮತ್ತೆ ಬಂದ, ಕಂಕುಳಲ್ಲಿ ಪರೀಕ್ಷೆಗೆಂದು ಒಂದು ರಬ್ಬರ್ ಕಾಲು ಇಟ್ಟುಕೊಂಡು.

“ಬಂಪರು ಮೊಣಕಾಲಿಗೆ ಮಾತ್ರ ಹೊಡೆದ್ರೆ ಕಾಲು ಮುರಿಯುತ್ತೆ. ಕೆಳಗೂ ಒಂದು ಅಂಚು ಮುಂದೆ ಬರಲಿ. ಆಗ ಇಡೀ ಕಾಲು ಒಟ್ಟಿಗೆ ಹೋಗುತ್ತೆ.”

“ಎಲ್ಲಿಗೆ?”

“ಪಕ್ಕಕ್ಕೆ ಕಣ್ರೀ! ಹಾಗೇ ಆ ದೀಪಗಳನ್ನೂ ಒಳಗೆ ತಳ್ಳಿ. ಮೇಲೆ ಮೆತ್ತಗೆ ರೆಪ್ಪೆ ಥರ ಏನಾದ್ರೂ ಇಳಿಬಿಡಿ.”

ಕಾರಿನ ಮಣ್ಣು ಒಲೆಯಲ್ಲಿ ಬಿಸಿಯಾದರಷ್ಟೇ ಮೆತ್ತಗಾಗುತ್ತದೆ. ಹೊಸ ಮಣ್ಣಿನ ದಪ್ಪ ಗಡ್ಡೆ ಕಾಯಿಸಲು ಹೊತ್ತಿರಲಿಲ್ಲ. ಬಕೆಟ್ಟಿನಲ್ಲಿದ್ದ ತೆಳ್ಳನೆಯ ಮೂಗು ಬೇಗ ಕಾಯುತ್ತದೆಂದು ಅದನ್ನೇ ಕರಗಿಸಿ ಮಣ್ಣಪ್ಪ ಕೆಳಗಿನ ಅಂಚಿಗೆ ಬಳಿದ. ಅಂಚು ತುಟಿಯಂತೆ ಮುಂದೆ ಬಂತು, ದೀಪಗಳ ಮೇಲೆ ರೆಪ್ಪೆ ಇಳಿಯಿತು.

ಒಂದು ಗಂಟೆಗೆ ಕ್ಯಾಂಟೀನಿನ ಅಕ್ಕ ಟೀ ತಂದಳು. ಕಾರನ್ನು ನೋಡಿದ್ದೇ ತಡ, ಲೋಟಗಳನ್ನು ಕೆಳಗಿಟ್ಟು ಸೆರಗು ಸರಿಮಾಡಿಕೊಂಡಳು.

“ಅಯ್ಯೋ, ಯಜಮಾನ್ರಿಗೆ ಯಾಕಪ್ಪಾ ಚಕ್ರ ಹಾಕಿದೀಯ?”

ಮಣ್ಣಪ್ಪ ನಾಲ್ಕು ಹೆಜ್ಜೆ ಹಿಂದೆ ಹೋಗಿ ನೋಡಿದ. ಉಬ್ಬಿದ ಹಣೆ, ಚಪ್ಪಟೆ ಮೂಗು, ಅರೆಮುಚ್ಚಿದ ಕಣ್ಣು, ಮುಂದೆ ಬಂದ ಕೆಳದುಟಿ. ಗೋಡೆಯ ಮೇಲೆ ತೂಗುಹಾಕಿದ್ದ ಯಜಮಾನರ ಫೋಟೊ ಇಳಿದು ಬಂದು ನೆಲದ ಮೇಲೆ ಕೂತಂತಿತ್ತು.

ಸುದ್ದಿ ಹರಡಿತು. ಕೆಲಸವಿದ್ದವರೂ ಇಲ್ಲದವರೂ ಬಂದು ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು ಹೋದರು.

“ನಾನು ಮೂಗು ತೆಗೀರಿ ಅಂದೆ. ಅವರ ಮೂಗು ಇಡಿ ಅಂದ್ನಾ?” ಎಂದು ರೂಲುದೊಣ್ಣೆ ಕೈ ತೊಳೆದುಕೊಂಡ.

ಮಣ್ಣಪ್ಪ ತುಟಿಯನ್ನು ಸ್ವಲ್ಪ ಒಳಗೆ ತಳ್ಳಿದ. ರೂಲುದೊಣ್ಣೆ ತಂದು ತಾಗಿಸಿದ ರಬ್ಬರ್ ಕಾಲು ಲಟಕ್ಕನೆ ಮಡಚಿತು. ಹಣೆಯನ್ನು ಕೊಂಚ ಹೆರೆದ. ಮೇಷ್ಟ್ರು ಬೆರಳಿಟ್ಟು ಅಳೆದು, ಆಗದು ಎಂದು ತಲೆಯಾಡಿಸಿದರು. ಎಲ್ಲವನ್ನೂ ಮೊದಲಿನಂತೆ ಮಾಡಬೇಕಾಯಿತು. ನಿಯಮಕ್ಕೂ ಯಜಮಾನರ ಮುಖಕ್ಕೂ ಒಂದು ಮಿಲಿಮೀಟರ್ ವ್ಯತ್ಯಾಸವೂ ಇರಲಿಲ್ಲ.

“ಗುರುತು ಸಿಗದ ಹಾಗೆ ಮೂಗಿನ ಕೆಳಗೆ ಕಪ್ಪು ಪಟ್ಟಿ ಅಂಟಿಸು, ಗಾಳಿಕಿಂಡಿ ಥರ,” ಎಂದರು ಮೇಷ್ಟ್ರು. “ಅವರಿಗೆ ಮೀಸೆ ಇಲ್ಲವಲ್ಲ.”

ಬುದ್ಧಿವಂತಿಕೆಯ ಮಾತು. ಮಣ್ಣಪ್ಪ ದಪ್ಪನೆಯ ಪಟ್ಟಿ ಅಂಟಿಸಿದ. ಹೋಲಿಕೆ ಸಾಕಷ್ಟು ಮರೆಯಾಯಿತು. ಅವನು ಆ ದಿನ ಮೊದಲ ಸಲ ಕೂತು ಟೀ ಕುಡಿದ.

ನಾಲ್ಕಕ್ಕೆ ಸರಿಯಾಗಿ ಬಾಗಿಲು ತೆರೆಯಿತು. ಯಜಮಾನರು ಒಳಗೆ ಬಂದರು. ಪ್ರವಾಸದಲ್ಲಿ ದಪ್ಪ ಮೀಸೆ ಬಿಟ್ಟಿದ್ದರು.

ಯಜಮಾನರು ಕಾರಿನ ಎದುರು ನಿಂತರು. ಕಾರೂ ಅವರ ಎದುರು ನಿಂತಿತ್ತು. ಅವರು ಬಾನೆಟ್ಟಿನ ಮೇಲೆ ಕೈಯಾಡಿಸಿ, ಆಮೇಲೆ ತಮ್ಮ ಹಣೆಯ ಮೇಲೂ ಒಮ್ಮೆ ಕೈಯಾಡಿಸಿಕೊಂಡರು.

“ಯಾರ ಕೆಲಸ ಇದು?”

ಎಲ್ಲರೂ ಒಟ್ಟಿಗೆ ಒಂದು ಹೆಜ್ಜೆ ಹಿಂದೆ ಸರಿದರು. ನಿಂತಲ್ಲೇ ನಿಂತಿದ್ದ ಮಣ್ಣಪ್ಪ ತಾನಾಗಿಯೇ ಮುಂದಾದ.

“ನಂದೇ, ಸಾರ್.”

“ಮೂವತ್ತು ವರ್ಷದಿಂದ ಕಾರು ಮಾಡ್ತಿದೀನಿ. ಇಷ್ಟು ಗಂಭೀರವಾದ, ನೋಡಿದ ಕೂಡ್ಲೇ ನಂಬಿಕೆ ಹುಟ್ಟೋ ಮುಖ ಎಲ್ಲೂ ನೋಡಿಲ್ಲ ಕಣ್ರೀ!”

ಹಿಂದೆ ಸರಿದವರೆಲ್ಲ ಎರಡು ಹೆಜ್ಜೆ ಮುಂದೆ ಬಂದರು.

“ಹಣೆಯ ಐಡಿಯಾ ನಂದು,” ಎಂದರು ಮೇಷ್ಟ್ರು.

“ತುಟಿ, ಕಣ್ಣು ಎರಡೂ ನಾನೇ ಹೇಳಿದ್ದು, ಸಾರ್,” ಎಂದ ರೂಲುದೊಣ್ಣೆ.

ಮಣ್ಣಪ್ಪನಿಗೆ ಅದ್ಯಾವುದೂ ಕೇಳಿಸಲಿಲ್ಲ. ಅವನ ಕಣ್ಣ ಮುಂದೆ ಆ ಸ್ವಂತ ಕೋಣೆಯ ಬಾಗಿಲು ತೆರೆದುಕೊಂಡಿತ್ತು. ಹೇಳತೀರದ ಸಂತೋಷವಾಗಿತ್ತು ಅವನಿಗೆ.

ಅಷ್ಟರಲ್ಲಿ ಯಜಮಾನರ ಹಿಂದಿನಿಂದ ಒಂದು ಹೆಣ್ಣು ದನಿ ಕೇಳಿತು. “ನಿಮ್ಮ ಮುಖ ಏನೋ ಆಯ್ತು. ನನ್ನದು?”

ಯಜಮಾನರ ಹೆಂಡತಿ. ಗಂಡನ ಜೊತೆ ಬಂದಿದ್ದರೂ ಗಡಿಬಿಡಿಯಲ್ಲಿ ಅವರನ್ನು ಯಾರೂ ಗಮನಿಸಿರಲಿಲ್ಲ.

“ಅದೂ ಸರಿಯೇ!” ಯಜಮಾನರು ಗಹಗಹಿಸಿ ನಕ್ಕು ಮಣ್ಣಪ್ಪನತ್ತ ತಿರುಗಿದರು. “ಇದಕ್ಕೆ ಜೋಡಿ ಕಾರು ಬೇಕು. ನೋಡ್ರೀ, ಥೇಟ್ ಇವರ ಹಾಗೇ ಇರಲಿ, ಒಂಚೂರೂ ಬದಲಾಗಬಾರದು. ಬಂದ್ರೆ ಎರಡೂ ಒಟ್ಟಿಗೆ ಬೀದಿಗೆ ಬರಬೇಕು. ಅವತ್ತೇ ನಿಮ್ಮ ಕೋಣೆ. ಅಲ್ಲೀವರೆಗೆ ಹಿಡಿಕೆ ವಿಭಾಗದಲ್ಲೇ ಕೂತು ಮಾಡಿ.”

ಮಣ್ಣಪ್ಪ ತಲೆಯೆತ್ತಿ ಯಜಮಾನ್ತಿಯ ಮುಖ ನೋಡಿದ. ಲಕ್ಷಣವಾದ ಮುಖ. ಉದ್ದನೆಯ, ತೆಳ್ಳನೆಯ, ಚೂಪು ಮೂಗು. ಬೆಳಿಗ್ಗೆ ಒಂಬತ್ತರವರೆಗೂ ಅದು ಇದೇ ಕೋಣೆಯಲ್ಲಿ, ಇದೇ ಕಾರಿನ ಮೇಲೆ ಇತ್ತು. ಅವನ ಕಣ್ಣು ತಾನಾಗಿಯೇ ಬಕೆಟ್ಟಿನತ್ತ ಹೋಯಿತು. ಬಕೆಟ್ಟು ಖಾಲಿ.

ಪಕ್ಕದಲ್ಲಿ ಏನೋ ಸರಕ್ಕೆಂದಿತು. ರೂಲುದೊಣ್ಣೆ ಅಳತೆಪಟ್ಟಿ ಎಳೆದು, ಒಂದು ಕಣ್ಣು ಮುಚ್ಚಿ, ದೂರದಿಂದಲೇ ಯಜಮಾನ್ತಿಯ ಮೂಗನ್ನು ಅಳೆಯುತ್ತಿದ್ದ. ಆಮೇಲೆ ಮಣ್ಣಪ್ಪನ ಕಿವಿಯ ಹತ್ತಿರ ಬಾಗಿದ.

“ತುಂಬಾ ಚೆನ್ನಾಗಿದೆ,” ಎಂದು ಪಿಸುಗುಟ್ಟಿದ. “ತೆಗೀಬೇಕಾಗುತ್ತೆ.”