ತಲೆಗೆ ಎರಡು ಬಕೆಟ್

ಮೂವತ್ತೆರಡು ವರ್ಷ ಬೇರೆಯವರ ತಪ್ಪು ತಿದ್ದಿದ ಪ್ರೂಫ್ ರೀಡರು ಒಂದೇ ಒಂದು ಮಾತಿನಲ್ಲಿ ತಾವೇ ಎಡವಿಬಿಟ್ಟರು. ಎರಡು ವರ್ಷದಿಂದ ಮಳೆ ಕೈಕೊಟ್ಟು ಊರಿನ ಕೆರೆ ತಳ ಕಂಡಿತ್ತು. ಇನ್ನು ಮೇಲೆ ತಲೆಗೆ ದಿನಕ್ಕೆ ಎರಡೇ ಬಕೆಟ್ ನೀರು ಎಂದು ಅಪ್ಪಣೆಯಾಗಿ, ನೀರಿನ ಕಚೇರಿಯವರು ಮನೆಮನೆಗೆ ತಲೆ ಎಣಿಸಲು ಹೊರಟಿದ್ದರು. ಮೂರನೇ ಮಹಡಿ ಹತ್ತಿ ಏದುಸಿರು ಬಿಡುತ್ತಾ ಗುಮಾಸ್ತ, "ಮನೇಲಿ ಯಾರ್ಯಾರಿದ್ದೀರಿ?" ಎಂದು ಕೇಳಿದ. ಪ್ರೂಫ್ ರೀಡರು ನಾವು ನೀವೆಲ್ಲ ಹೇಳುವ ಹಾಗೆಯೇ, "ಯಾರೂ ಇಲ್ಲ, ನಾನೊಬ್ಬನೇ" ಎಂದರು. ಗುಮಾಸ್ತ ಅಲ್ಪವಿರಾಮದವರೆಗೆ ಬರೆದುಕೊಂಡು ಇಳಿದುಹೋದ.

ಅದಾಗಿ ತಿಂಗಳಿಗೆ ಸರಿಯಾಗಿ, ಬೆಳಿಗ್ಗೆ ಆರಕ್ಕೆ ನಲ್ಲಿ ತಿರುಗಿಸಿದರೆ ಅದು ಒಂದು ಸಲ ಕೆಮ್ಮಿ ಸುಮ್ಮನಾಯಿತು. ಬಾಗಿಲ ಹೊರಗೆ ಚೀಟಿ ಅಂಟಿತ್ತು: 'ಖಾಲಿ ಮನೆ. ನೀರು ನಿಲ್ಲಿಸಲಾಗಿದೆ.' ಅವರು ಅಭ್ಯಾಸಬಲದಿಂದ ಕನ್ನಡಕ ಏರಿಸಿ ಕಾಗುಣಿತ ನೋಡಿದರು. ಒಂದೂ ತಪ್ಪಿರಲಿಲ್ಲ.

ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಅಂದಿನಿಂದ ಆ ಮನೆಯಲ್ಲಿ ಮಾತು ಎಂದರೆ ರೇಡಿಯೋದ್ದು. ಬರ ಬಂದ ಮೇಲೆ ದಿನ ಬಿಟ್ಟು ದಿನ ಸ್ನಾನ ಮಾಡುತ್ತಿದ್ದರು, ಮೂಗು ಮುಚ್ಚಿಕೊಳ್ಳುವುದಕ್ಕಾದರೂ ಒಬ್ಬರು ಬೇಕಲ್ಲ. ಖಾಲಿ ಮನೆ ಎಂಬ ಮಾತು ಪೂರ್ತಿ ಸುಳ್ಳಲ್ಲ ಎಂದು ಅವರಿಗೇ ಅನ್ನಿಸಿ ಬೇಸರವಾಯಿತು.

ಕಚೇರಿಯಲ್ಲಿ ಅದೇ ಗುಮಾಸ್ತ ಕೂತಿದ್ದ. "ಪಟ್ಟಿ ಪ್ರಕಾರ ಆ ಮನೇಲಿ ಯಾರೂ ಇಲ್ವಲ್ಲ."

"ನಾನಿದ್ದೀನಲ್ಲ ಸ್ವಾಮಿ!"

"ಅದಕ್ಕೆ ಪ್ರೂಫ್ ಏನಿದೆ?"

"ನಾನು ಪ್ರೂಫ್ ರೀಡರು ಸ್ವಾಮಿ..."

"ಪ್ರೂಫ್ ನೋಡೋರ ಹತ್ರಾನೇ ಪ್ರೂಫ್ ಇಲ್ಲ ಅಂದ್ರೆ ಹೆಂಗೆ? ಮಧ್ಯಾಹ್ನ ಸಾಹೇಬರು ನಿಮ್ಮ ಕಟ್ಟಡಕ್ಕೇ ಬರ್ತಾರೆ. ಅಷ್ಟರೊಳಗೆ ಈ ಫಾರಂಗೆ ಅಕ್ಕಪಕ್ಕದವರ ಹತ್ರ ಸಹಿ ಹಾಕಿಸಿಡಿ."

ಪ್ರೂಫ್ ರೀಡರು ಫಾರಂ ಹಿಡಿದು ಎಲ್ಲಕ್ಕಿಂತ ಕೆಳಗಿನ ಮನೆಯ ಟೈಲರಮ್ಮನ ಬಾಗಿಲು ತಟ್ಟಿದರು. ಆಕೆ ಕೊರಳಿಗೆ ಟೇಪು ಹಾಕಿಕೊಂಡೇ ಬಂದಳು.

"ಮೂರನೇ ಮಹಡಿಯೋರಾ? ಆ ಮನೆ ಖಾಲಿ ಅಲ್ವಾ?"

"ಹನ್ನೊಂದು ವರ್ಷದಿಂದ ಇದ್ದೀನಮ್ಮ."

"ಅಯ್ಯೋ, ಸದ್ದೇ ಇಲ್ವಲ್ರೀ! ಒಂದು ತಟ್ಟೆ ಬಿದ್ದ ಸದ್ದಾದ್ರೂ ಬೇಡ್ವಾ?"

ತಟ್ಟೆ ಬೀಳಿಸದೇ ಇದ್ದದ್ದಕ್ಕೆ ಅವರು ಕ್ಷಮೆ ಕೇಳಿದರು. ಟೈಲರಮ್ಮ ಫಾರಂ ಓದಿದಳು. ಅವಳ ಮನೆಯಲ್ಲಿ ಗಂಡ, ಅತ್ತೆ, ಮೂರು ಹೆಣ್ಣುಮಕ್ಕಳು, ಒಗೆಯದೆ ಬಿದ್ದ ಬಟ್ಟೆಯ ಗುಡ್ಡ. ಓದುತ್ತಾ ಓದುತ್ತಾ ಅವಳ ಮುಖ ಅರಳಿತು.

"ಅಂದ್ರೆ ನಿಮ್ಮ ತಲೆ ಇನ್ನೂ ಯಾವ ಮನೆ ಲೆಕ್ಕಕ್ಕೂ ಸೇರಿಲ್ಲ?"

"ಇಲ್ಲಮ್ಮ."

"ಹೊರಗ್ಯಾಕೆ ನಿಂತಿದ್ದೀರಣ್ಣಾ? ಒಳಗೆ ಬನ್ನಿ!"

ಆ ಬರದಲ್ಲಿ ಟೈಲರಮ್ಮ ಪೂರ್ತಿ ಒಂದು ಲೋಟ ಚಹಾ ಕೊಟ್ಟಳು. ಅದಕ್ಕಿಂತ ಹೆಚ್ಚಾಗಿ 'ಅಣ್ಣಾ' ಎಂದಿದ್ದಳು. ಬಿಸಿ ಯಾವುದರದ್ದು ಎಂದು ಗೊತ್ತಾಗದೆ ಪ್ರೂಫ್ ರೀಡರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತರು. "ಸಾಹೇಬ್ರು ಬಂದ್ರೆ ನಮ್ಮಣ್ಣ, ನಮ್ಮನೇಲೇ ಇರೋದು ಅಂತೀನಿ. ನೀವು ಹೂಂ ಅಂದ್ರೆ ಸಾಕು," ಎಂದಳು ಆಕೆ.

ಗೋಡೆಗೆ ಕಿವಿ ಇರುತ್ತದೆ, ಆ ಕಟ್ಟಡದಲ್ಲಿ ಮೆಟ್ಟಿಲಿಗೂ ಇತ್ತು. ನಡು ಮಹಡಿಯ ನಿವೃತ್ತ ಡ್ರಿಲ್ ಮಾಸ್ತರು ದಡದಡನೆ ಇಳಿದು ಬಂದರು.

"ಅದು ಹೆಂಗೆ ನಿಮ್ಮಣ್ಣ ಆಗ್ತಾರೆ? ಅವರು ನಮ್ಮ ಚಿಕ್ಕಪ್ಪ!"

"ಮಾಸ್ತರೇ, ನೀವು ನನಗಿಂತ ದೊಡ್ಡೋರ ಹಾಗೆ ಕಾಣ್ತೀರಿ," ಎಂದರು ಪ್ರೂಫ್ ರೀಡರು ಮೆಲ್ಲಗೆ.

"ಆದ್ರೇನು? ಚಿಕ್ಕೋರಾಗಿರೋದಕ್ಕೇ ಚಿಕ್ಕಪ್ಪ ಅನ್ನೋದು! ಏಳಿ ಚಿಕ್ಕಪ್ಪ, ಮನೆಗೆ ಹೋಗೋಣ!"

ಮಾಸ್ತರು ಬಲಗೈ ಹಿಡಿದರು. ಟೈಲರಮ್ಮ ಎಡಗೈ ಬಿಡಲಿಲ್ಲ. ಅಂಗಿಯ ತೋಳು ಹೊಲಿಗೆ ಬಿಟ್ಟಿತು. ಆರು ವರ್ಷದಿಂದ ಯಾರೂ ಮುಟ್ಟದಿದ್ದ ಕೈಗಳು ನೋಯುತ್ತಿದ್ದರೂ ಪ್ರೂಫ್ ರೀಡರಿಗೆ ಆನಂದವಾಗುತ್ತಿತ್ತು. ಇಬ್ಬರೂ ಇನ್ನೊಂದಿಷ್ಟು ಎಳೆಯಲಿ ಎಂದುಕೊಂಡರು.

ಸಾಹೇಬರು ಬಂದಾಗ ಈ ಹಗ್ಗಜಗ್ಗಾಟ ನಡೆದೇ ಇತ್ತು.

"ನಮ್ಮಣ್ಣ ಸಾರ್!"

"ನಮ್ಮ ಚಿಕ್ಕಪ್ಪ ಸಾರ್!"

"ಒಂದು ತಲೆ ಎರಡು ಮನೇಲಿ ಇರೋಕಾಗಲ್ಲ," ಎಂದು ಸಾಹೇಬರು ಕುರ್ಚಿ ಎಳೆದು ಕೂತರು. "ಸುಮ್ನೆ ಕಿತ್ತಾಡ್ತಿದ್ದೀರಿ. ಒಂಟಿಯಾಗಿರೋರಿಗೆ ನಾಲ್ಕು ಬಕೆಟ್ ಕೊಡಿ ಅಂತ ನಿನ್ನೆ ಆದೇಶ ಬಂದಿದೆ. ಒಬ್ಬರಿದ್ರೂ ಅಡುಗೆ, ಪಾತ್ರೆ, ನೆಲ ಎಲ್ಲಾ ಇರೋದೇ ತಾನೇ? ಇವರು ಒಂಟಿ ಅಂತ ಯಾರಾದ್ರೂ ಹೇಳಿದ್ರೆ ಈಗ್ಲೇ ಬರ್ಕೊಡ್ತಿದ್ದೆ."

ಎರಡೂ ಕೈಗಳು ಒಟ್ಟಿಗೇ ಸಡಿಲವಾದವು. ಟೈಲರಮ್ಮ ಮಾಸ್ತರ ಮುಖ ನೋಡಿದಳು. "ನಿಮಗೊಂದು, ನಮಗೊಂದು," ಎಂದು ಮಾಸ್ತರು ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು.

"ಇವರಿಗೆ ಯಾರೂ ಇಲ್ಲ ಸಾರ್," ಎಂದಳು ಟೈಲರಮ್ಮ. "ಒಬ್ಬ ನೆಂಟ ಬಂದಿದ್ದು ನೋಡಿಲ್ಲ."

"ಹಿಂದಿಲ್ಲ, ಮುಂದಿಲ್ಲ ಸಾರ್. ಜ್ವರ ಬಂದು ಮಲಗಿದ್ರೆ ಗಂಜಿ ಕಾಸಿ ಕೊಡೋರಿಲ್ಲ!"

"ಸತ್ರೂ ಗೊತ್ತಾಗಲ್ಲ ಸಾರ್, ಅಷ್ಟು ಒಂಟಿ!"

ಮಾಸ್ತರು ಅಂಗೈ ಮೇಲೆ ಫಾರಂ ಇಟ್ಟುಕೊಂಡು ಸಹಿ ಹಾಕಿದರು. ಟೈಲರಮ್ಮನೂ ಹಾಕಿದಳು. ಸಾಹೇಬರು ಪೆನ್ನನ್ನು ಪ್ರೂಫ್ ರೀಡರ ಕೈಗಿಟ್ಟರು. "ಹೌದೇನ್ರೀ? ನಿಮಗೆ ಯಾರೂ ಇಲ್ವಾ? ಹೌದಾದ್ರೆ ಇಲ್ಲಿ ಸಹಿ ಹಾಕಿ. ಇವತ್ತು ಸಂಜೆನೇ ನೀರು ಬಿಡಿಸ್ತೀನಿ."

ಸಹಿ ಹಾಕಿದರೆ ದಿನಕ್ಕೆ ನಾಲ್ಕು ಬಕೆಟ್. ಹಂಚಿ ಕೊಟ್ಟರೂ ಎರಡು ಉಳಿಯುತ್ತಿತ್ತು. ಪ್ರೂಫ್ ರೀಡರಿಗೆ ಇದೆಲ್ಲ ತಿಳಿಯದೆ ಇರಲಿಲ್ಲ. ಆದರೆ ಕಣ್ಣು ತುಂಬಿ ಬಂದು, ಸಹಿ ಹಾಕಬೇಕಾದ ಗೆರೆಯೇ ಕಾಣಿಸಲಿಲ್ಲ.

"ಸುಳ್ಳು ಸಾರ್," ಎಂದರು. "ಇವಳು ನನ್ನ ತಂಗಿ. ನಾನು ಇವಳ ಮನೇಲೇ ಇರೋದು."

ಸಾಹೇಬರು ಫಾರಂ ಹರಿದು ಹಾಕಿದರು. ಮೇಲಿನ ಮನೆ ಖಾಲಿ ಎಂದೂ, ಕೆಳಗಿನ ಮನೆಗೆ ಒಂದು ತಲೆ ಹೆಚ್ಚು ಎಂದೂ ಬರೆದು, ಮೊಹರು ಒತ್ತಿ ಹೊರಟುಹೋದರು. ಮಾಸ್ತರು ಕಾಲು ಅಪ್ಪಳಿಸುತ್ತಾ ಮೆಟ್ಟಿಲು ಹತ್ತಿದರು.

"ಕೈಗೆ ಬಂದ ನಾಲ್ಕು ಬಕೆಟ್ ಬಿಟ್ಟು ಎರಡಕ್ಕೆ ಇಳಿಸಿದ್ರಲ್ರೀ! ನಿಮಗೆ ತಲೆ ಇದೆಯಾ?" ಎಂದು ಟೈಲರಮ್ಮ ಕೂಗಿದಳು.

"ಇದೆಯಮ್ಮ. ಈಗ ನಿಮ್ಮ ಮನೆ ಲೆಕ್ಕದಲ್ಲಿದೆ."

ಅವಳು ಬಾಗಿಲು ಹಾಕಿಕೊಂಡಳು.

ಸಂಜೆ ಆರಕ್ಕೆ ಕೆಳಗೆ ನೀರು ಬಂದ ಸದ್ದಾಯಿತು. ಪ್ರೂಫ್ ರೀಡರು ಹೊಲಿಗೆ ಬಿಟ್ಟ ಅಂಗಿಯಲ್ಲೇ ಎರಡು ಬಕೆಟ್ ಹಿಡಿದು ಇಳಿದರು. ಮುಚ್ಚಿದ ಬಾಗಿಲ ಹೊರಗೆ ಅವರಿಗೆಂದು ಅರ್ಧ ಬಕೆಟ್ ನೀರು ಇಟ್ಟಿತ್ತು. ಒಳಗೆ ನಗು ಕೇಳಿಸುತ್ತಿತ್ತು, ಇವರ ಹೆಜ್ಜೆ ಸದ್ದಿಗೆ ನಿಂತಿತು.

"ಬರ್ತೀನಮ್ಮಾ," ಎಂದರು ಬಾಗಿಲಿಗೆ.

ಯಾರೂ ಹೂಂ ಎನ್ನಲಿಲ್ಲ. ಒಡಹುಟ್ಟಿದವರು ಅಂದಮೇಲೆ ಮಾತು ಬಿಡುವುದು ಇದ್ದದ್ದೇ ಎಂದು ಸಮಾಧಾನ ಹೇಳಿಕೊಂಡು, ಅವರು ನೀರು ತುಳುಕದ ಹಾಗೆ ಮೂರನೇ ಮಹಡಿಗೆ ಹತ್ತಿದರು.