ಲೀಟರಿಗೆ ಇಪ್ಪತ್ತು

ಆ ದಿನ ಕಾರು ನಿಂತದ್ದು ಕಾಳಗಿಗೆ ಎರಡು ಕಿಲೋಮೀಟರ್ ಇರುವಾಗಲೋ, ನಾಲ್ಕೋ? ನನಗೆ ನೆನಪಿಲ್ಲ. ಹೆಂಡತಿಗಿದೆ. ಆದರೆ ಅವಳು ಹೇಳುವಾಗಲೆಲ್ಲ ದೂರ ಬೆಳೆಯುತ್ತದೆ! ನಿಂತದ್ದಂತೂ ನಿಜ.

ಎಂಬತ್ತರ ದಶಕದ ಮಾತು. ನಾನು ಶಹಾಬಾದಿನಲ್ಲಿ ಉಪನ್ಯಾಸಕ. ದೇವರನ್ನೂ ಪುರಾವೆ ಕೇಳುವವನು. ಆದರೆ ಅಚ್ಚಾದ ಅಂಕಿಯ ಮುಂದೆ ಮಾತ್ರ ಪರಮಭಕ್ತ. ಹೊಸ ಪುಟ್ಟ ಕಾರಿನ ಪುಸ್ತಕದಲ್ಲಿ 'ಲೀಟರಿಗೆ ಇಪ್ಪತ್ತು ಕಿಲೋಮೀಟರ್' ಎಂದು ಅಚ್ಚಾಗಿತ್ತು.

ಕಾಳಗಿಯಲ್ಲಿ ಹೆಂಡತಿಯ ತಂಗಿ ಶಾಂತಾಳ ಗೃಹಪ್ರವೇಶ. ಒಲೆಕಟ್ಟೆಗೆ ಹಾಸಲು ಶಹಾಬಾದಿನ ಎರಡು ಕಲ್ಲು ನಾವೇ ಒಯ್ಯಬೇಕು. ಶಹಾಬಾದಿನವರು ನೆಂಟರ ಮನೆಗೆ ಹೊರಟರೆ ಹಣ್ಣು ಒಯ್ಯುವುದಿಲ್ಲ, ಕಲ್ಲು ಒಯ್ಯುತ್ತಾರೆ! ಒಂಬತ್ತು ಗಂಟೆಗೆ ಆ ಕಲ್ಲಿನ ಮೇಲೆ ಹಾಲು ಉಕ್ಕಬೇಕು.

ನಾನು ದೂರವನ್ನು ಇಪ್ಪತ್ತರಿಂದ ಭಾಗಿಸಿ, ಬಂದಷ್ಟೇ ಪೆಟ್ರೋಲನ್ನು ಖಾಲಿ ಟ್ಯಾಂಕಿಗೆ ಅಳೆದು ಸುರಿದೆ. ಒಂದು ಹನಿ ಹೆಚ್ಚಿಲ್ಲ.

"ಇನ್ನೊಂದು ಲೀಟರ್ ಹಾಕ್ರಿ," ಎಂದಳು ಹೆಂಡತಿ.

"ಬ್ಯಾಡ. ಪುಸ್ತಕದಾಗ ಬರದಾರ."

"ಬರದವ ಕಾಳಗಿ ರಸ್ತಾ ನೋಡ್ಯಾನೇನು?"

ನೋಡಿರಲಿಲ್ಲ. ಪ್ರತಿ ಗುಂಡಿಯಲ್ಲೂ ಇಳಿದು, ಏರಿ, ಕುರಿಹಿಂಡಿಗೆ ದಾರಿ ಬಿಟ್ಟು ಹೋಗುತ್ತಿದ್ದಾಗ ಕಾರು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಆಗಲೇ ಎಂಟು ಗಂಟೆ!

"ಈಗ ಆ ಪುಸ್ತಕಾನೇ ಟ್ಯಾಂಕಿಗೆ ಹಾಕ್ರಿ," ಎಂದಳು. ಕಣ್ಣಲ್ಲಿ ನೀರಿತ್ತು. "ನನ್ನ ತಂಗಿ ಹಾದಿ ನೋಡಾಕತ್ತಿರ್ತಾಳ."

ಅಷ್ಟರಲ್ಲಿ ಅವಳ ತವರೂರಿನ ಮಹಬೂಬ ಕಾಕಾ ಎತ್ತು ಹೊಡೆದುಕೊಂಡು ಬಂದರು. ಕಾರಿಗೆ ಒಂದು ಸುತ್ತು ಹಾಕಿ, "ಭಾಳ ಛಲೋ ಗಾಡಿರಿ ಸಾಹೇಬ್ರ. ಲೀಟರಿಗೆ ಎಷ್ಟು ಕೊಡ್ತದ?" ಎಂದರು.

"ಇಪ್ಪತ್ತು," ಎಂದೆ.

ಎತ್ತುಗಳೂ ನನ್ನನ್ನು ನೋಡಿದವು.

"ನಿಮ್ಮ ಎತ್ತು ಎಷ್ಟು ಕೊಡ್ತಾವ ಕಾಕಾ?" ಹೆಂಡತಿ ಕೇಳಿದಳು.

"ಒಂದು ಹೊರಿ ಕಣಕಿ ಮೇವು ಹಾಕಿದ್ರ ಊರತನಕ ಒಯ್ತಾವ, ಬೇಟಿ. ನಡುವ ನಿಲ್ಲಂಗಿಲ್ಲ."

ಕಾಕಾ ಹಗ್ಗ ಬಿಗಿದು ಎತ್ತುಗಳನ್ನು ಕಾರಿಗೆ ಕಟ್ಟಿದರು. ಹೀಗೆ ನಾವು ಎರಡೆತ್ತಿನ ಶಕ್ತಿಯಲ್ಲಿ ಕಾಳಗಿ ಪ್ರವೇಶಿಸಿದೆವು. ನಾನು ಸ್ಟೀರಿಂಗ್ ಹಿಡಿದು ಗಂಭೀರವಾಗಿ ಕುಳಿತಿದ್ದೆ. ಅಗತ್ಯವಿಲ್ಲದಿದ್ದರೂ ಹಾರ್ನ್ ಹೊಡೆದೆ! ನಾಲ್ವರು ಓಡಿಬಂದು ಕಲ್ಲು ಇಳಿಸಿ ಕಟ್ಟೆಗೆ ಹಾಸಿದರು. ಸರಿಯಾಗಿ ಒಂಬತ್ತಕ್ಕೆ ಹಾಲು ಉಕ್ಕಿತು. ಶಾಂತಾ ಮೊದಲ ಹೋಳಿಗೆಯನ್ನು ಎತ್ತುಗಳಿಗೆ ತಿನ್ನಿಸಿದಳು. ಎರಡನೆಯದೂ ಅವಕ್ಕೇ.

"ಕಲ್ಲಿನ ಭಾರ," ಎಂದು ನಾನು ಎಲ್ಲರಿಗೂ ವಿವರಿಸಿದೆ. "ಕಲ್ಲಿಲ್ಲದಿದ್ರ ಪುಸ್ತಕ ಖರೇ ಆಗ್ತಿತ್ತು."

"ಆ ಎರಡೂ ಕಲ್ಲಿನಕಿಂತ ನೀವೊಬ್ಬರೇ ವಜನ ಇದ್ದೀರಿ," ಎಂದಳು ಹೆಂಡತಿ. ಮನೆಯೆಲ್ಲ ನಕ್ಕಿತು.

ಪುರಾವೆಯಿಲ್ಲದ ಮಾತು! ಮುಂದೊಮ್ಮೆ ವಾಡಿ ಸ್ಟೇಷನ್ನಿನಲ್ಲಿ, ಸರಕು ತೂಗುವಲ್ಲಿ ಅದೇ ಅಳತೆಯ ಕಲ್ಲುಗಳು ಕಂಡವು. ಎರಡನ್ನು ತೂಗಿಸಿದೆ. ಆಮೇಲೆ ನಾನು ಹತ್ತಿ ನಿಂತೆ.

ಆ ದಿನದ ಉಳಿದ ಸಂಗತಿಗಳ ಬಗ್ಗೆ ನನಗೆ ಈಗಲೂ ಸಂಶಯವಿದೆ. ಇದೊಂದು ಮಾತ್ರ ಸಿದ್ಧವಾದ ಸತ್ಯ: ನಾನೇ ಭಾರ.